ಮೊದಲ ಪಾಯಿಂಟ್‌ನಿಂದ ಮೊದಲ ನೂರರೊಳಗೆ: ವೃತ್ತಿಪರ ಟೆನಿಸ್‌ನ ಆರಂಭದ ವರ್ಷಗಳು

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಜೂನಿಯರ್ ಹಂತ ಮುಗಿಸುತ್ತಿರುವ ಆಟಗಾರರಿದ್ದೀರಿ, ಅವರ ತಂದೆತಾಯಿ ಇದ್ದೀರಿ, ಕೋಚ್‌ಗಳೂ ಇದ್ದೀರಿ. ಫೋರ್‌ಹ್ಯಾಂಡ್ ಹೇಗೆ ಬೀಸಬೇಕು, ಸರ್ವ್‌ಗೆ ಚೆಂಡನ್ನು ಎಷ್ಟು ಎತ್ತರ ಎಸೆಯಬೇಕು ಅನ್ನುವುದು ಇವತ್ತಿನ ಮಾತಲ್ಲ. ಹದಿನೇಳು-ಹದಿನೆಂಟರ ಹೊತ್ತಿಗೆ ಹೊಡೆತಗಳು ಬಹುಮಟ್ಟಿಗೆ ಕೈಗೆ ಕೂತಿರುತ್ತವೆ. ಅಲ್ಲಿಂದ ಮುಂದಿನ ನಾಲ್ಕೈದು ವರ್ಷಗಳಲ್ಲಿ, ಒಂದೇ ಮಟ್ಟದ ಇಬ್ಬರಲ್ಲಿ ಒಬ್ಬರು ಮೇಲೇರುತ್ತಾರೆ, ಇನ್ನೊಬ್ಬರು 600ನೇ ರ‍್ಯಾಂಕ್‌ನ ಆಸುಪಾಸಿನಲ್ಲೇ ಉಳಿದುಬಿಡುತ್ತಾರೆ. ಈ ವ್ಯತ್ಯಾಸದ ದೊಡ್ಡ ಪಾಲು ಇರುವುದು ಯಾವ ವಾರ ಯಾವ ಮಟ್ಟದ ಟೂರ್ನಿ ಆಡಿದರು, ಯಾವ ವಾರ ಆಡದೆ ಅಭ್ಯಾಸಕ್ಕೆ ಉಳಿದರು ಎಂಬುದರಲ್ಲಿ. ಆ ಲೆಕ್ಕವನ್ನೇ ಬಿಡಿಸಿ ನೋಡೋಣ.

ಮೊದಲು ಕಾಲದ ಅಂದಾಜು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್, 2013ರ ಅಂಕಿ-ಅಂಶ ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಮಾಡಿತ್ತು. ಮೊದಲ ರ‍್ಯಾಂಕಿಂಗ್ ಪಾಯಿಂಟ್ ಗಳಿಸಿದ ದಿನದಿಂದ ಮೊದಲ ನೂರರೊಳಗೆ ಬರಲು, ಅಲ್ಲಿಯವರೆಗೆ ತಲುಪಿದ ಪುರುಷರಿಗೆ ಸರಾಸರಿ 4.8 ವರ್ಷ, ಮಹಿಳೆಯರಿಗೆ 4.1 ವರ್ಷ ಹಿಡಿದಿತ್ತು. 2000ನೇ ಇಸವಿಯಲ್ಲಿ ಇದೇ ಲೆಕ್ಕ 3.7 ಮತ್ತು 3.4 ವರ್ಷ ಇತ್ತು. ಅಂದರೆ ದಾರಿ ಉದ್ದವಾಗುತ್ತಾ ಬಂದಿದೆ. ಕಾರ್ಲೋಸ್ ಅಲ್ಕರಾಜ್ ಅವರನ್ನೇ ನೋಡಿ. 2018ರ ಫೆಬ್ರುವರಿಯಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಎಟಿಪಿ (ಪುರುಷರ ವೃತ್ತಿಪರ ಟೂರ್ ನಡೆಸುವ ಸಂಸ್ಥೆ) ಪಾಯಿಂಟ್ ಸಿಕ್ಕಿತು. ಮೊದಲ ನೂರರೊಳಗೆ ಬಂದದ್ದು 2021ರ ಮೇ ತಿಂಗಳಲ್ಲಿ. ಅಂಥ ಪ್ರತಿಭೆಗೂ ಮೂರು ವರ್ಷ ಮೀರಿತು. ಹಾಗಾಗಿ ‘ಒಂದು ವರ್ಷ ಆಡಿ ನೋಡುತ್ತೇವೆ, ಆಗದಿದ್ದರೆ ಬಿಡುತ್ತೇವೆ’ ಎನ್ನುವ ಯೋಜನೆ ಯೋಜನೆಯೇ ಅಲ್ಲ. ಹಣವನ್ನೂ ಮನಸ್ಸನ್ನೂ ಕನಿಷ್ಠ ನಾಲ್ಕು ವರ್ಷಕ್ಕೆ ಸಜ್ಜು ಮಾಡಿಕೊಳ್ಳಬೇಕು.

ಮೆಟ್ಟಿಲುಗಳು ಹೀಗಿವೆ. ಪುರುಷರಲ್ಲಿ ಕೆಳಗಿನದು ಐಟಿಎಫ್‌ನ ಎಂ15, ಅದರ ಮೇಲೆ ಎಂ25. ಆಮೇಲೆ ಎಟಿಪಿ ಚಾಲೆಂಜರ್: 50, 75, 100, 125, 175 ಎಂಬ ಐದು ಮಟ್ಟ. ಅದರ ಮೇಲೆ ಟೂರ್, ಅಂದರೆ ಎಟಿಪಿಯ ಮುಖ್ಯ ಸರಣಿಯ 250, 500, 1000. ಮಹಿಳೆಯರಲ್ಲಿ ಐಟಿಎಫ್‌ನದೇ ಐದು ಮಟ್ಟಗಳಿವೆ: ಡಬ್ಲ್ಯು15, 35, 50, 75, 100. ಮೇಲೆ ಮಹಿಳೆಯರ ಟೂರ್ ನಡೆಸುವ ಸಂಸ್ಥೆಯಾದ ಡಬ್ಲ್ಯುಟಿಎಯ 125, ನಂತರ ಟೂರ್. ಹೆಸರಿನಲ್ಲಿರುವ ಸಂಖ್ಯೆ ಗೆದ್ದವರಿಗೆ ಸಿಗುವ ಪಾಯಿಂಟ್, ಅದನ್ನು ಬಹುಮಾನದ ಮೊತ್ತ ಎಂದುಕೊಳ್ಳಬೇಡಿ. ಎಂ25ರ ಒಟ್ಟು ಬಹುಮಾನ ಈಗ 30,000 ಡಾಲರ್‌ಗೆ ಏರಿದೆ, ಗೆದ್ದವರಿಗೆ ಸಿಗುವ ಪಾಯಿಂಟ್ ಮಾತ್ರ 25.

ಈಗ ಮುಖ್ಯ ಲೆಕ್ಕಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಎಂ15ರ 32 ಜನರ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ 1 ಪಾಯಿಂಟ್, ಎರಡು ಗೆದ್ದು ಕ್ವಾರ್ಟರ್ ಫೈನಲ್ ತಲುಪಿದರೆ 2, ಸೆಮಿಫೈನಲ್‌ಗೆ 4, ಫೈನಲ್‌ಗೆ 8, ಪ್ರಶಸ್ತಿಗೆ 15. ಚಾಲೆಂಜರ್ 50ರಲ್ಲಿ ಅದೇ ಸಾಲು 4, 8, 14, 25, 50. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಾಲೆಂಜರ್‌ನಲ್ಲಿ ಎರಡು ಪಂದ್ಯ ಗೆದ್ದವರಿಗೂ ಎಂ15ರಲ್ಲಿ ನಾಲ್ಕು ಪಂದ್ಯ ಗೆದ್ದು ಫೈನಲ್‌ನಲ್ಲಿ ಸೋತವರಿಗೂ ಸಿಗುವುದು ಒಂದೇ 8 ಪಾಯಿಂಟ್. ಇತ್ತೀಚಿನ ವರ್ಷಗಳಲ್ಲಿ ಪುರುಷರ ನೂರನೇ ಸ್ಥಾನಕ್ಕೆ 600ರ ಆಸುಪಾಸು ಪಾಯಿಂಟ್ ಬೇಕಾಗುತ್ತಿದೆ. ಅದನ್ನು ಎಂ15 ಪ್ರಶಸ್ತಿಗಳಿಂದಲೇ ಗಳಿಸಹೊರಟರೆ ಒಂದೇ ವರ್ಷದಲ್ಲಿ ನಲವತ್ತು ಟೂರ್ನಿ ಗೆಲ್ಲಬೇಕು. ಅದು ಯಾರಿಂದಲೂ ಆಗದು. ಮೇಲಾಗಿ ರ‍್ಯಾಂಕಿಂಗ್‌ಗೆ ಸೇರುವುದು ಸೀಮಿತ ಸಂಖ್ಯೆಯ ಉತ್ತಮ ಫಲಿತಾಂಶಗಳು ಮಾತ್ರ. ಎಂ15 ಇರುವುದು ದಾಟಿ ಹೋಗುವುದಕ್ಕೆ. ಅಲ್ಲಿ ಮೂರನೇ ವರ್ಷವೂ ಸುಲಭದ ಪಾಯಿಂಟ್ ಹುಡುಕುತ್ತಾ ಉಳಿಯುವವರು ತಾವು ಸುರಕ್ಷಿತವಾಗಿದ್ದೇವೆ ಅಂದುಕೊಂಡಿರುತ್ತಾರೆ, ರ‍್ಯಾಂಕ್ ಮಾತ್ರ ಅಲ್ಲಾಡುವುದಿಲ್ಲ.

ಹಾಗಂತ ಬೇಗ ಮೇಲೆ ಹತ್ತಿದವರ ಗತಿಯೂ ಚೆನ್ನಾಗಿಲ್ಲ. ಜೂನಿಯರ್ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಹೆಸರು ಮಾಡಿದ ಹುಡುಗನಿಗೆ ವೈಲ್ಡ್ ಕಾರ್ಡ್‌ಗಳು, ಅಂದರೆ ಆಯೋಜಕರು ತಾವಾಗಿ ಕೊಡುವ ಪ್ರವೇಶಗಳು, ಬರುತ್ತವೆ. ಟೂರ್‌ನ ಮುಖ್ಯ ಸುತ್ತು, ಟಿವಿ, ಒಳ್ಳೆಯ ಹೋಟೆಲ್. ಆರು ವಾರ, ಆರು ಮೊದಲ ಸುತ್ತಿನ ಸೋಲು. ಸೋಲಿಗಿಂತ ಹೆಚ್ಚಿನ ನಷ್ಟ ಆಡದೆ ಹೋದ ಪಂದ್ಯಗಳದ್ದು. ಆರು ವಾರದಲ್ಲಿ ಆರೇ ಪಂದ್ಯ ಆಡಿದವನಿಗೆ 5-5ರಲ್ಲಿ ಸರ್ವ್ ಉಳಿಸಿಕೊಳ್ಳುವ, ಮೂರನೇ ಸೆಟ್‌ನಲ್ಲಿ ಮುನ್ನಡೆ ಕಾಯ್ದುಕೊಳ್ಳುವ ರೂಢಿಯೇ ಬೆಳೆಯುವುದಿಲ್ಲ. ಅದು ಅಭ್ಯಾಸದ ಅಂಕಣದಲ್ಲಿ ಸಿಗುವಂಥದ್ದಲ್ಲ.

ಕೋಚ್‌ಗಳು ಬಳಸುವ ಒಂದು ಸರಳ ಅಳತೆ ಇದೆ. ಒಂದು ಮಟ್ಟದಲ್ಲಿ ಎಂಟು-ಹತ್ತು ಟೂರ್ನಿ ಆಡಿದ ಮೇಲೆ ಗೆಲುವು-ಸೋಲು ಎಣಿಸಿ. ಒಂದು ಸೋಲಿಗೆ ಎರಡಕ್ಕಿಂತ ಹೆಚ್ಚು ಗೆಲುವು ಇದ್ದರೆ ಮೇಲಿನ ಮಟ್ಟಕ್ಕೆ ಹೋಗಿ. ಒಂದು ಸೋಲಿಗೆ ಒಂದು ಗೆಲುವೂ ಇಲ್ಲದಿದ್ದರೆ ಒಂದು ಮೆಟ್ಟಿಲು ಇಳಿಯಿರಿ. ನಡುವೆ ಇದ್ದರೆ ಅಲ್ಲೇ ಇದ್ದು ಆಡಿ. ಎಣಿಸುವಾಗ, ಮುಖ್ಯ ಸುತ್ತಿಗೆ ಸ್ಥಾನ ಗಳಿಸಲು ಆಡುವ ಅರ್ಹತಾ ಸುತ್ತಿನ ಗೆಲುವುಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಐಟಿಎಫ್ ಅರ್ಹತಾ ಸುತ್ತಿನಲ್ಲಿ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕ್ ಇರುತ್ತದೆ. ಅಲ್ಲಿನ ಗೆಲುವು ಪೂರ್ಣ ಪಂದ್ಯದ ದಮ್ಮನ್ನು ತೋರಿಸುವುದಿಲ್ಲ.

ಮೇಲೆ ಹೋಗುವುದು ಅಂದರೆ ಕೆಳಗಿನದನ್ನು ಪೂರ್ತಿ ಬಿಡುವುದಲ್ಲ. ಯಾನಿಕ್ ಸಿನ್ನರ್ 2019ರ ಫೆಬ್ರುವರಿಯಲ್ಲಿ, ಹದಿನೇಳರ ವಯಸ್ಸಿನಲ್ಲಿ, 500ರಾಚೆಯ ರ‍್ಯಾಂಕ್‌ನಿಂದ ವೈಲ್ಡ್ ಕಾರ್ಡ್ ಪಡೆದು ಬೆರ್ಗಾಮೊ ಚಾಲೆಂಜರ್ ಗೆದ್ದರು. ಅದಾದ ಮೇಲೂ ಟ್ರೆಂಟೊದಲ್ಲಿ ನಡೆದ 25 ಸಾವಿರ ಡಾಲರ್‌ನ ಐಟಿಎಫ್ ಟೂರ್ನಿ ಆಡಿ ಅದನ್ನೂ ಗೆದ್ದರು. ವರ್ಷದ ಕೊನೆಗೆ ಅವರು ಮೊದಲ ಎಂಬತ್ತರೊಳಗಿದ್ದರು. ಹೊಸ ಮಟ್ಟಕ್ಕೆ ಕಾಲಿಟ್ಟವರಿಗೆ ಮೂರು ವಾರದಲ್ಲಿ ಎರಡು ವಾರ ತಮ್ಮ ಮಟ್ಟದಲ್ಲಿ, ಒಂದು ವಾರ ಮೇಲಿನ ಮಟ್ಟದ ಅರ್ಹತಾ ಸುತ್ತಿನಲ್ಲಿ ಎಂಬ ಹಂಚಿಕೆ ಒಳ್ಳೆಯದು. ಸಿನ್ನರ್ ಜೂನಿಯರ್ ಟೂರ್ನಿಗಳನ್ನು ಆಡಿದ್ದೇ ಕಡಿಮೆ ಅನ್ನುವುದನ್ನೂ ನೆನಪಿಡಿ. ಜೂನಿಯರ್ ರ‍್ಯಾಂಕ್ ಇಲ್ಲ ಎಂದು ಎದೆಗುಂದಬೇಕಿಲ್ಲ. ಆದರೆ ಇದ್ದವರು ಅದನ್ನು ಬಳಸಿಕೊಳ್ಳಲೇಬೇಕು: ವರ್ಷಾಂತ್ಯದ ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಮುಂಚೂಣಿಯಲ್ಲಿರುವವರಿಗೆ ಮುಂದಿನ ವರ್ಷ ವೃತ್ತಿಪರ ಟೂರ್ನಿಗಳಲ್ಲಿ ಮೀಸಲು ಸ್ಥಾನಗಳಿವೆ. ಆ ಸ್ಥಾನಗಳಿಗೆ ಅವಧಿ ಇದೆ, ಬಳಸದಿದ್ದರೆ ಹೋಗುತ್ತವೆ.

ರ‍್ಯಾಂಕಿಂಗ್ ಇರುವುದು 52 ವಾರದ ಲೆಕ್ಕದ ಮೇಲೆ. ಈ ಮಾರ್ಚ್‌ನಲ್ಲಿ ಗಳಿಸಿದ 15 ಪಾಯಿಂಟ್ ಮುಂದಿನ ಮಾರ್ಚ್‌ನಲ್ಲಿ ಉದುರುತ್ತದೆ. ಎರಡನೇ ವರ್ಷದಲ್ಲಿ ಬಹಳ ಮಂದಿ ಕುಸಿಯುವುದು ಇಲ್ಲಿಯೇ. ಪಾಯಿಂಟ್ ಉಳಿಸಿಕೊಳ್ಳಬೇಕೆಂದು ಅದೇ ಊರಿನ ಅದೇ ಸಣ್ಣ ಟೂರ್ನಿಗೆ ಮತ್ತೆ ಓಡುತ್ತಾರೆ. ಗೆದ್ದರೂ ಇದ್ದಲ್ಲೇ ಇರುತ್ತಾರೆ, ಸೋತರೆ ಕೆಳಗಿಳಿಯುತ್ತಾರೆ. ಪಾಯಿಂಟ್ ಉದುರುವ ವಾರಕ್ಕೆ ಎರಡು ತಿಂಗಳು ಮೊದಲೇ ಮೇಲಿನ ಮಟ್ಟದಲ್ಲಿ ಆಡಿ, ಆ ನಷ್ಟವನ್ನು ಮುಂಚಿತವಾಗಿ ತುಂಬಿಕೊಳ್ಳುವ ಹಾಗೆ ಕ್ಯಾಲೆಂಡರ್ ಬರೆಯಬೇಕು. ಮಹಿಳೆಯರಿಗೆ ಇನ್ನೊಂದು ನಿಯಮ: ಡಬ್ಲ್ಯುಟಿಎ ಪಟ್ಟಿಯಲ್ಲಿ ಹೆಸರು ಕಾಣಬೇಕಾದರೆ ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು ಕನಿಷ್ಠ 10 ಪಾಯಿಂಟ್ ಇರಬೇಕು. ಒಂದು ಟೂರ್ನಿಯಲ್ಲಿ ಒಂದು ಪಂದ್ಯ ಗೆದ್ದು ‘ಹೆಸರೇ ಬರಲಿಲ್ಲ’ ಎಂದು ಗಾಬರಿಯಾಗುವವರಿಗೆ ಕಾರಣ ಇದು.

ಪ್ರವೇಶದ ಕೆಲಸವನ್ನು ಆಟಗಾರರೇ ಕಲಿಯಬೇಕು. ಐಟಿಎಫ್‌ನ ಐಪಿನ್ ಎಂಬ ಆಟಗಾರರ ನೋಂದಣಿ ಸಂಖ್ಯೆ ಇಲ್ಲದೆ ಹೆಸರು ಕೊಡಲು ಆಗುವುದಿಲ್ಲ. ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮೊದಲಿನ ಗುರುವಾರ ಪ್ರವೇಶದ ಗಡುವು, ಹೆಸರು ಹಿಂತೆಗೆದುಕೊಳ್ಳುವ ಗಡುವು ಆಮೇಲಿನ ಮಂಗಳವಾರ. ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಆದ್ಯತೆಯ ಕ್ರಮದಲ್ಲಿ ಹೆಸರು ಕೊಡಬಹುದು. ಗಡುವು ಮೀರಿ ಹಿಂದೆ ಸರಿದರೆ ದಂಡ ಬೀಳುತ್ತದೆ. ಸಮಯ ಇರುವುದು ಗ್ರೀನಿಚ್ ಲೆಕ್ಕದಲ್ಲಿ. ನಿಮ್ಮ ಊರಿನ ಗಡಿಯಾರ ನೋಡಿ ಕೂತರೆ ಅವಕಾಶ ಕೈತಪ್ಪುತ್ತದೆ. ಗ್ರ್ಯಾಂಡ್ ಸ್ಲಾಮ್ ಮುಖ್ಯ ಸುತ್ತಿಗೆ ರ‍್ಯಾಂಕ್ ನೋಡುವುದು ಆರು ವಾರ ಮೊದಲು, ಅರ್ಹತಾ ಸುತ್ತಿಗೆ ನಾಲ್ಕು ವಾರ ಮೊದಲು. ಜೋರಾಗಿ ಗೆಲ್ಲಬೇಕಾದ ವಾರಗಳು ಯಾವುವು ಅನ್ನುವುದು ಈ ದಿನಾಂಕಗಳಿಂದ ಹಿಂದಕ್ಕೆ ಎಣಿಸಿದರೆ ತಿಳಿಯುತ್ತದೆ.

ಟ್ಯುನೀಷಿಯಾದ ಮೊನಾಸ್ಟೀರ್, ಟರ್ಕಿಯ ಅಂಟಾಲ್ಯ, ಈಜಿಪ್ಟ್‌ನ ಶರ್ಮ್ ಎಲ್ ಶೇಖ್‌ನಂಥ ಕಡೆ ರೆಸಾರ್ಟ್‌ಗಳಲ್ಲಿ ವಾರದ ಮೇಲೆ ವಾರ 15ರ ಮಟ್ಟದ ಟೂರ್ನಿಗಳು ನಡೆದಿವೆ. ವಿಮಾನದ ಖರ್ಚು ಉಳಿಯುತ್ತದೆ, ಸೋತರೂ ಮರುವಾರ ಅಲ್ಲೇ ಆಡಬಹುದು. ಇದನ್ನು ಮೂರು ವಾರದ ಮಟ್ಟಿಗೆ ಬಳಸಿ, ಆರು ವಾರ ಬೇಡ. ಅದೇ ಅಂಕಣ, ಅದೇ ಎದುರಾಳಿಗಳು, ಅದೇ ಊಟದ ಕೋಣೆ. ನಾಲ್ಕನೇ ವಾರದಿಂದ ಮನಸ್ಸು ಸೋಲನ್ನು ಹಗುರವಾಗಿ ತೆಗೆದುಕೊಳ್ಳಲು ಕಲಿಯುತ್ತದೆ: ‘ಹೇಗೂ ಸೋಮವಾರ ಮತ್ತೊಂದಿದೆ’. ಒಟ್ಟಾರೆ ವರ್ಷಕ್ಕೆ 22ರಿಂದ 26 ಟೂರ್ನಿ, ಮೂರು ವಾರ ಆಟವಾದ ಮೇಲೆ ಒಂದರಿಂದ ಎರಡು ವಾರ ತಾಲೀಮು, ವರ್ಷದ ಕೊನೆಯಲ್ಲಿ ಐದಾರು ವಾರ ಒಂದೂ ಟೂರ್ನಿ ಇಲ್ಲದೆ ದೇಹ ಕಟ್ಟುವ ಕೆಲಸ. ಈ ಐದಾರು ವಾರವನ್ನು ಹೊಸಬರು ಮೊದಲು ಬಲಿಕೊಡುತ್ತಾರೆ, ಅದರ ಬೆಲೆಯನ್ನು ಮೇ-ಜೂನ್ ಹೊತ್ತಿಗೆ ಗಾಯದ ರೂಪದಲ್ಲಿ ತೆರುತ್ತಾರೆ.

ಹಣದ ವಿಷಯಕ್ಕೆ ಬರೋಣ. ಎಂ15ರಲ್ಲಿ ಮೊದಲ ಸುತ್ತಿನಲ್ಲಿ ಸೋತವರಿಗೆ 156 ಡಾಲರ್, ಎರಡನೇ ಸುತ್ತಿನಲ್ಲಿ 258, ಕ್ವಾರ್ಟರ್ ಫೈನಲ್‌ನಲ್ಲಿ 438, ಸೆಮಿಫೈನಲ್‌ನಲ್ಲಿ 752, ಫೈನಲ್‌ನಲ್ಲಿ 1,272, ಗೆದ್ದವರಿಗೆ 2,160. ಇದರಲ್ಲೂ ಬಹಳ ದೇಶಗಳಲ್ಲಿ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಆಗಲೇ ಹೇಳಿದ ಐಟಿಎಫ್ ಅಧ್ಯಯನದ ಪ್ರಕಾರ 2013ರಲ್ಲಿ ಒಬ್ಬ ಪುರುಷ ಆಟಗಾರನ ವರ್ಷದ ಸರಾಸರಿ ಖರ್ಚು 38,800 ಡಾಲರ್, ಮಹಿಳೆಗೆ 40,180. ಪ್ರಯಾಣ, ವಸತಿ, ಊಟ, ತಂತಿ, ಬಟ್ಟೆ ಎಲ್ಲ ಸೇರಿ, ಕೋಚ್ ಸಂಬಳ ಬಿಟ್ಟು. ಆ ಖರ್ಚು ಹುಟ್ಟಲು ಹದಿನೆಂಟು ಎಂ15 ಪ್ರಶಸ್ತಿ ಬೇಕು. ಬಹುಮಾನದ ಹಣದಿಂದ ಖರ್ಚು ಸರಿದೂಗುತ್ತಿದ್ದದ್ದು ಪುರುಷರಲ್ಲಿ ಸುಮಾರು 336ನೇ ರ‍್ಯಾಂಕ್‌ನಲ್ಲಿ, ಮಹಿಳೆಯರಲ್ಲಿ 253ನೇ ರ‍್ಯಾಂಕ್‌ನಲ್ಲಿ. ಕೋಚ್ ಜೊತೆಗಿದ್ದರೆ ಆ ಗೆರೆ ಇನ್ನೂ ಮೇಲಕ್ಕೆ ಹೋಗುತ್ತದೆ.

ಹಾಗಾದರೆ ಹಣದ ದೃಷ್ಟಿಯಿಂದ ಮೊದಲ ಗುರಿ ಯಾವುದು? ಗ್ರ್ಯಾಂಡ್ ಸ್ಲಾಮ್ ಅರ್ಹತಾ ಸುತ್ತು. ಅಲ್ಲಿ 128 ಜನರಿಗೆ ಅವಕಾಶ. ಮುಖ್ಯ ಸುತ್ತಿಗೆ ರ‍್ಯಾಂಕ್ ಮೇಲೆ ನೇರವಾಗಿ ಹೋಗುವವರು 104 ಜನ, ಅವರ ಕೆಳಗಿನವರು ಅರ್ಹತಾ ಸುತ್ತಿಗೆ. ಗಾಯಾಳುಗಳು, ವೈಲ್ಡ್ ಕಾರ್ಡ್ ಎಲ್ಲ ಲೆಕ್ಕ ಹಾಕಿದರೆ ಸುಮಾರು 230ನೇ ರ‍್ಯಾಂಕ್‌ನವರೆಗೆ ಬಾಗಿಲು ತೆರೆದಿರುತ್ತದೆ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವರಿಗೆ 35,000 ಆಸ್ಟ್ರೇಲಿಯನ್ ಡಾಲರ್, ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ ಸೋತವರಿಗೆ 1,32,000. ಇಂಥ ನಾಲ್ಕು ಅರ್ಹತಾ ಸುತ್ತು ಆಡಲು ಸಿಕ್ಕಿದರೆ ಕೋಚ್ ಜೊತೆ ಪ್ರಯಾಣ ಮಾಡುವುದು ಸಾಧ್ಯವಾಗುತ್ತದೆ. ಎಟಿಪಿ 2024ರಲ್ಲಿ ಬೇಸ್‌ಲೈನ್ ಎಂಬ ಕನಿಷ್ಠ ಆದಾಯದ ಯೋಜನೆ ತಂದಿತು: ಆ ವರ್ಷ ಮೊದಲ 100ರೊಳಗಿನವರಿಗೆ 3 ಲಕ್ಷ ಡಾಲರ್, 101ರಿಂದ 175ರವರಿಗೆ 1.5 ಲಕ್ಷ, 176ರಿಂದ 250ರವರಿಗೆ 75,000. ಮೊದಲ ಬಾರಿ 125ರೊಳಗೆ ಬಂದವರಿಗೆ 2 ಲಕ್ಷ ಡಾಲರ್ ಮುಂಗಡದ ಏರ್ಪಾಟೂ ಅದರಲ್ಲಿದೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ 250ರ ಕೆಳಗಿನವರಿಗೆ ಏನೂ ಇಲ್ಲ, ಎಳೆಯರು ಇರುವುದೇ ಅಲ್ಲಿ.

ಈ ಕೊರತೆಯನ್ನು ತುಂಬುತ್ತೇವೆಂದು, ಬದಲಿಗೆ ಮುಂದಿನ ಗಳಿಕೆಯಲ್ಲಿ ಪಾಲು ಕೇಳುತ್ತಾ ಬರುವ ಒಪ್ಪಂದಗಳಲ್ಲಿ ಮೂರು ವಿಷಯ ನೋಡದೆ ಸಹಿ ಹಾಕಬೇಡಿ: ಎಷ್ಟು ವರ್ಷ ಪಾಲು ಕೊಡಬೇಕು, ಒಟ್ಟು ಎಷ್ಟು ಕೊಟ್ಟ ಮೇಲೆ ಋಣ ತೀರಿತು ಎಂಬ ಮಿತಿ ಇದೆಯೇ, ಮಧ್ಯದಲ್ಲಿ ಹಣ ಹಿಂದಿರುಗಿಸಿ ಹೊರಬರುವ ದಾರಿ ಇದೆಯೇ. ಮಿತಿಯೇ ಇಲ್ಲದ ಪಾಲು ಇಪ್ಪತ್ತೈದರ ವಯಸ್ಸಿನಲ್ಲಿ ಕೊರಳಿಗೆ ಬರುತ್ತದೆ. ಕೋಚ್ ವಿಷಯದಲ್ಲಿ ಹೊಸಬರಿಗೆ ಒಪ್ಪುವುದು ಎರಡು-ಮೂರು ಆಟಗಾರರು ಸೇರಿ ಒಬ್ಬ ಕೋಚ್ ಇಟ್ಟುಕೊಳ್ಳುವುದು. ಪರಸ್ಪರ ಅಭ್ಯಾಸಕ್ಕೂ ಆಗುತ್ತದೆ, ಡಬಲ್ಸ್‌ಗೂ ಜೋಡಿ ಸಿಗುತ್ತದೆ.

ರ‍್ಯಾಕೆಟ್ ಮತ್ತು ತಂತಿಯಲ್ಲಿ ಆಗುವ ತಪ್ಪು ಚಿಕ್ಕದೆನಿಸಿದರೂ ಕೈಗೆ ಗಾಯ ತರುತ್ತದೆ. ಅಂಗಡಿಯಿಂದ ತಂದ ಒಂದೇ ಮಾದರಿಯ ಎರಡು ರ‍್ಯಾಕೆಟ್‌ಗಳ ತೂಕ ಐದಾರು ಗ್ರಾಂ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಕನಿಷ್ಠ ನಾಲ್ಕು ರ‍್ಯಾಕೆಟ್‌ಗಳನ್ನು ತೂಗಿ, ಸಮತೋಲನದ ಬಿಂದು ಅಳೆದು, ಸೀಸದ ಪಟ್ಟಿ ಅಂಟಿಸಿ ಒಂದೇ ಅಳತೆಗೆ ತರಬೇಕು. ಒಂದು ರ‍್ಯಾಕೆಟ್‌ಗೆ ಸುಮಾರು 12 ಮೀಟರ್ ತಂತಿ ಹಿಡಿಯುತ್ತದೆ, 200 ಮೀಟರ್ ಸುರುಳಿಯಲ್ಲಿ ಹದಿನಾರು ರ‍್ಯಾಕೆಟ್ ಆಗುತ್ತವೆ. ಪಾಲಿಯೆಸ್ಟರ್ ತಂತಿ ಹರಿಯುವುದಕ್ಕೆ ಬಹಳ ಮೊದಲೇ ಸತ್ತಿರುತ್ತದೆ. ಬಿಗಿ ಇಳಿದು, ಚೆಂಡು ಉದ್ದಕ್ಕೆ ಹಾರತೊಡಗುತ್ತದೆ, ಆಟಗಾರ ತನಗೆ ಗೊತ್ತಿಲ್ಲದೆಯೇ ಬೀಸನ್ನು ಹಿಡಿದುಕೊಳ್ಳುತ್ತಾನೆ. ಖರ್ಚು ಉಳಿಸಲು ಹರಿಯುವವರೆಗೂ ಆಡುವ ಹುಡುಗರ ಮೊಣಕೈ ನೋವಿಗೆ ಇದೂ ಒಂದು ಕಾರಣ. ಪ್ರತಿ ಪಂದ್ಯಕ್ಕೆ ಹೊಸದಾಗಿ ಕಟ್ಟಿದ ಎರಡು ರ‍್ಯಾಕೆಟ್ ಇರಲಿ. ಚಳಿಗೆ ಬಿಗಿಯನ್ನು ಅರ್ಧದಿಂದ ಒಂದು ಕಿಲೋ ಇಳಿಸಿ, ಎತ್ತರದ ಊರಲ್ಲಿ ಅಷ್ಟೇ ಏರಿಸಿ.

ದೇಹದ ಬಗ್ಗೆ ಒಂದೇ ಒಂದು ಎಚ್ಚರಿಕೆ ಹೇಳಬೇಕಾದರೆ ಕೆಳಬೆನ್ನಿನದು. ಬೆಳೆಯುವ ವಯಸ್ಸಿನಲ್ಲಿ ಸರ್ವ್ ಮಾಡುವಾಗ ಬೆನ್ನು ಹಿಂದಕ್ಕೆ ಬಾಗಿ ತಿರುಗುವ ಚಲನೆ ಸಾವಿರಾರು ಬಾರಿ ಆಗುತ್ತದೆ. ಬೆನ್ನುಮೂಳೆಯ ಕೆಳಗಿನ ಕಶೇರುಕದ ಹಿಂಭಾಗದಲ್ಲಿ ಕೂದಲೆಳೆಯ ಬಿರುಕು ಬೀಳಬಹುದು. ಮೊದಮೊದಲು ಬರೀ ಸ್ನಾಯು ನೋವು ಎನಿಸುತ್ತದೆ. ಒಂಟಿ ಕಾಲಿನಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಒಂದೇ ಬದಿಯಲ್ಲಿ ನೋವು ಬಂದು, ಎರಡು ವಾರವಾದರೂ ಹೋಗದಿದ್ದರೆ ಎಂಆರ್‌ಐ ಮಾಡಿಸಿ. ಎಕ್ಸ್‌ರೇಯಲ್ಲಿ ಆರಂಭದ ಬಿರುಕು ಕಾಣದೆ ಹೋಗಬಹುದು. ಬೇಗ ಹಿಡಿದರೆ ಮೂರು ತಿಂಗಳ ಆಸುಪಾಸಿನ ವಿಶ್ರಾಂತಿಯಲ್ಲಿ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ, ಮಾತ್ರೆ ನುಂಗಿ ಆಡಿದರೆ ಇಡೀ ಋತು ಹೋಗುತ್ತದೆ. ಎರಡು ವಾರ ಆಡದೆ ಇದ್ದವರು ಒಂದೇ ವಾರದಲ್ಲಿ ಅರ್ಹತಾ ಸುತ್ತು, ಮುಖ್ಯ ಸುತ್ತು, ಡಬಲ್ಸ್ ಸೇರಿ ಎಂಟು ಪಂದ್ಯ ಆಡುವುದೇ ಅಪಾಯ. ಸರ್ವ್‌ಗಳ ಎಣಿಕೆಯನ್ನು ಅಭ್ಯಾಸದಲ್ಲೂ ಬರೆದಿಡಿ. ಆರು ತಿಂಗಳು ಮೀರಿ ಹೊರಗುಳಿಯಬೇಕಾದರೆ, ಮರಳಿದಾಗ ಹಳೆಯ ಸ್ಥಾನದ ಮೇಲೆ ಪ್ರವೇಶ ಕೊಡಿಸುವ ರಕ್ಷಿತ ರ‍್ಯಾಂಕ್‌ಗೆ ಗಡುವಿನೊಳಗೆ ಅರ್ಜಿ ಹಾಕಿ. ಬಹಳ ಎಳೆಯರಿಗೆ ಹಾಗೊಂದು ಸೌಲಭ್ಯ ಇರುವುದೇ ತಿಳಿದಿರುವುದಿಲ್ಲ.

ಹುಡುಗಿಯರ ತಂದೆತಾಯಿಗೆ ವಯಸ್ಸಿನ ನಿಯಮ ಗೊತ್ತಿರಬೇಕು. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ ಹದಿಮೂರರ ವಯಸ್ಸಿನಲ್ಲಿ ವೃತ್ತಿಪರರಾದರು, ಮೊದಲ ಟೂರ್ನಿಯಲ್ಲೇ ಫೈನಲ್ ತಲುಪಿದರು, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಟೆಫಿ ಗ್ರಾಫ್ ಅವರನ್ನು ಸೋಲಿಸಿ ಚಿನ್ನ ಗೆದ್ದರು, 1993ರ ಅಮೆರಿಕ ಓಪನ್ ನಂತರ ಆಟದಿಂದಲೇ ದೂರವಾದರು. 1995ರಲ್ಲಿ ಬಂದ ನಿಯಮದ ಪ್ರಕಾರ 14 ತುಂಬದವರು ವೃತ್ತಿಪರ ಟೂರ್ನಿ ಆಡುವಂತಿಲ್ಲ, 18 ತುಂಬುವವರೆಗೆ ಟೂರ್ನಿಗಳ ಸಂಖ್ಯೆಗೆ ಮಿತಿ ಇದೆ, ವಯಸ್ಸು ಏರಿದಂತೆ ಮಿತಿಯೂ ಏರುತ್ತದೆ. ಎಣಿಕೆ ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ, ಜನವರಿಯಿಂದ ಅಲ್ಲ. ಇರುವ ಕೆಲವೇ ಟೂರ್ನಿಗಳನ್ನು ಮೊದಲ ಮೂರು ತಿಂಗಳಲ್ಲಿ ಮುಗಿಸಿ ಕೈಕಟ್ಟಿ ಕೂರುವವರಿದ್ದಾರೆ. ಕ್ಯಾಪ್ರಿಯಾಟಿ ಮರಳಿ ಬಂದು 2001ರಲ್ಲಿ ಆಸ್ಟ್ರೇಲಿಯನ್ ಮತ್ತು ಫ್ರೆಂಚ್ ಓಪನ್ ಗೆದ್ದು ಅಗ್ರಸ್ಥಾನಕ್ಕೂ ಏರಿದರು ಅನ್ನುವುದು ಸಂತೋಷದ ವಿಷಯ. ಆ ದಾರಿಯನ್ನು ಮಾದರಿ ಮಾಡಿಕೊಳ್ಳಬಾರದು.

ಇನ್ನು ಬೆಟ್ಟಿಂಗ್. ಕಡಿಮೆ ಬಹುಮಾನದ ಟೂರ್ನಿಗಳಲ್ಲೇ ಪಂದ್ಯ ಬಿಟ್ಟುಕೊಡಲು ಕೇಳುವವರು ಸುಳಿಯುತ್ತಾರೆ. ಹೆಚ್ಚಾಗಿ ಸಾಮಾಜಿಕ ಜಾಲತಾಣದ ಸಂದೇಶದ ಮೂಲಕ, ಒಮ್ಮೊಮ್ಮೆ ಪರಿಚಿತ ಆಟಗಾರರ ಮೂಲಕವೇ. ಒಪ್ಪದಿದ್ದರೆ ಸಾಲದು. ಅಂತರರಾಷ್ಟ್ರೀಯ ಟೆನಿಸ್ ಇಂಟೆಗ್ರಿಟಿ ಏಜೆನ್ಸಿಗೆ ತಕ್ಷಣ ತಿಳಿಸದಿರುವುದೂ ಅಪರಾಧ. ಸಂದೇಶ ಅಳಿಸಬೇಡಿ, ಚಿತ್ರ ತೆಗೆದು ಕಳುಹಿಸಿ. ‘ನಾಳೆ ನನ್ನ ಭುಜ ಸರಿಯಿಲ್ಲ’ ಎಂದು ಹೊರಗಿನವರಿಗೆ ಹೇಳುವುದೂ ಒಳ ಮಾಹಿತಿ ಕೊಟ್ಟಂತೆ ಆಗಬಹುದು. ಕೋಚ್, ತಂದೆತಾಯಿ ಕೂಡ ಟೆನಿಸ್ ಮೇಲೆ ಬಾಜಿ ಕಟ್ಟುವಂತಿಲ್ಲ. ಪೌಷ್ಟಿಕ ಪುಡಿಗಳ ವಿಷಯದಲ್ಲೂ ಹೊಣೆ ಪೂರ್ತಿ ಆಟಗಾರರದೇ, ಡಬ್ಬಿಯ ಮೇಲೆ ಬರೆದಿರಲಿಲ್ಲ ಎಂದರೆ ಬಿಡುವುದಿಲ್ಲ.

ಹದಿನೆಂಟಕ್ಕೆ ನೇರವಾಗಿ ಟೂರ್‌ಗೆ ಹೋಗಬೇಕೇ, ಅಮೆರಿಕದ ಕಾಲೇಜು ಟೆನಿಸ್‌ಗೆ ಹೋಗಬೇಕೇ ಎಂದು ಬಹಳ ಜನ ಕೇಳುತ್ತಾರೆ. ಕ್ಯಾಮರನ್ ನೋರಿ, ಡೇನಿಯೆಲ್ ಕಾಲಿನ್ಸ್, ಬೆನ್ ಶೆಲ್ಟನ್ ಕಾಲೇಜಿನಿಂದ ಬಂದವರು. ಈಗ ಅಲ್ಲಿನ ಮುಂಚೂಣಿಯವರಿಗೂ ಚಾಲೆಂಜರ್‌ಗಳಲ್ಲಿ ಮೀಸಲು ಸ್ಥಾನಗಳಿವೆ. ಜೊವಾವ್ ಫೊನ್ಸೆಕಾ ವರ್ಜಿನಿಯಾ ವಿಶ್ವವಿದ್ಯಾಲಯಕ್ಕೆ ಒಪ್ಪಿಕೊಂಡಿದ್ದವರು 2024ರ ಫೆಬ್ರುವರಿಯಲ್ಲಿ ರಿಯೊ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಮೇಲೆ ಮನಸ್ಸು ಬದಲಿಸಿ ವೃತ್ತಿಪರರಾದರು. ಫಲಿತಾಂಶ ಮೊದಲು ಬಂತು, ನಿರ್ಧಾರ ಆಮೇಲೆ. ಅಷ್ಟು ಸ್ಪಷ್ಟವಾದ ಫಲಿತಾಂಶ ಇಲ್ಲದವರು ಎರಡೂ ಬಾಗಿಲು ತೆರೆದಿಟ್ಟುಕೊಳ್ಳಬೇಕು. ಅದಕ್ಕೆ ಬಹುಮಾನದ ಹಣ ಪಡೆಯುವ ಮೊದಲು ಕಾಲೇಜು ಅರ್ಹತೆಯ ಆ ವರ್ಷದ ನಿಯಮ ಓದಬೇಕು, ಪ್ರತಿ ಟೂರ್ನಿಯ ಖರ್ಚಿನ ರಸೀದಿ ಇಡಬೇಕು, ಏಜೆಂಟ್ ಜೊತೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಹದಿನೇಳರಲ್ಲಿ 15ರ ಮಟ್ಟದಲ್ಲಿ ಒಂದು ಸೋಲಿಗೆ ಒಂದು ಗೆಲುವಿನ ಲೆಕ್ಕ ಇರುವವರಿಗೆ ಕಾಲೇಜಿನ ಎರಡು ವರ್ಷವೇ ಮೇಲು ಅನ್ನುವುದು ನನ್ನ ಅಭಿಪ್ರಾಯ: ಅಲ್ಲಿ ಪಂದ್ಯಗಳೂ ಸಿಗುತ್ತವೆ, ತಂತಿ ಕಟ್ಟುವವರೂ ಫಿಸಿಯೋಗಳೂ ಇರುತ್ತಾರೆ, ಬೇಸಿಗೆ ರಜೆಯಲ್ಲಿ ಎಂಟು-ಹತ್ತು ವಾರ ಐಟಿಎಫ್ ಟೂರ್ನಿ ಆಡಿ ಅದೇ ಗೆಲುವು-ಸೋಲಿನ ಎಣಿಕೆಯನ್ನು ಮತ್ತೆ ಮಾಡಬಹುದು.